ಕೈ ಇಲ್ಲದ ಕಂಪ್ಯೂಟರ್

ನಮ್ಮ ಮನೆಯ ಹಳೇ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಏರಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು 2009ರ ಬೇಸಿಗೆಯಲ್ಲಿ. ತೊಂಬತ್ತೇಳರಲ್ಲಿ ಅದನ್ನು ಕೊಂಡಾಗಲೇ ಅದು ಇನ್ನೊಬ್ಬರು ಬಳಸಿ ಬಿಟ್ಟದ್ದು. ಜಮಖಂಡಿಯವರೆಲ್ಲ ಹೊಸದು ಕೊಳ್ಳಲಿ! ಈ ಪವಮಾನ ಕೊಳ್ಳುವವನಲ್ಲ!

"ಅದನ್ನ ಗುಜರಿಗೆ ಹಾಕ್ರಿ. ಆ ಜಾಗಾದಾಗ ನನ್ನ ಹಿಟ್ಟಿನ ಡಬ್ಬಿ ಇಡ್ತೀನಿ," ಎಂದಳು ಹೆಂಡತಿ ಇಂದಿರಾ.

"ಹಿಟ್ಟಿನ ಡಬ್ಬಿಯೊಳಗ ಇಂಟರ್ನೆಟ್ ಬರ್ತದೇನು?"

"ನಿಮ್ಮ ಡಬ್ಬಿಯೊಳಗರ ಎಲ್ಲಿ ಬಂದದ?"

ಬಂತು. ನನ್ನ ಅರ್ಧ ಆಯುಷ್ಯ ತಿಂದು ಬಂತು. ಇಂಟರ್ನೆಟ್ ಲೈನು ಒಂದು ಸಣ್ಣ ಪೆಟ್ಟಿಗೆಗೆ. ಆ ಪೆಟ್ಟಿಗೆಯಿಂದ ನಾನೇ ಬೆಸುಗೆ ಹಾಕಿದ ಕೇಬಲ್ಲು ಕಂಪ್ಯೂಟರಿನ ಬೆನ್ನಿಗೆ. ಕೇಬಲ್ಲಿನೊಳಗೆ ಬಣ್ಣಬಣ್ಣದ ವಾಯರುಗಳಿದ್ದವು. ಮಾತಾಡಲು ಒಂದು, ಕೇಳಲು ಒಂದು, ಅರ್ಥಿಂಗಿಗೆ ಒಂದು ಸಾಕು ಎಂದು ಮೂರನ್ನಷ್ಟೇ ಬೆಸೆದು ಉಳಿದವನ್ನು ದಂಡಪಿಂಡಗಳೆಂದು ಮಡಚಿಟ್ಟೆ. ಚಿಕ್ಕಪಡಸಲಗಿ ಬ್ಯಾರೇಜಿನ ಗೇಟು ತೆಗೆದಂತೆ ಅಕ್ಷರಗಳು ಪರದೆಗೆ ಧುಮುಕಿದವು. ಆದರೆ ನಡುನಡುವೆ ಸಾಲಿಗೆ ಸಾಲೇ ಮಾಯ! ಪೆಟ್ಟಿಗೆ ಆರಿಸಿ ಹಚ್ಚಿದೆ. ಕೇಬಲ್ಲು ಗಿಡ್ಡ ಮಾಡಿದೆ. ಫ್ಯಾನು ಹಚ್ಚಿ ಗಾಳಿ ಹಾಕಿದೆ. ವೇಗ ಇಳಿಸಿ ನೋಡಬಹುದಿತ್ತು, ಆದರೆ ಅದು ನನ್ನ ಮರ್ಯಾದೆಯ ಪ್ರಶ್ನೆ.

ಇಷ್ಟರಲ್ಲಿ ಮಗಳು ಮೃಣ್ಮಯಿಗೆ ಮುಧೋಳದ ಸಂಬಂಧ ಬಂತು. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನ ಅಜ್ಜ ರಾಘವೇಂದ್ರರಾಯರು ಹೂಂ ಅನ್ನುವುದೊಂದೇ ಬಾಕಿ. ಮೊದಲ ಭೇಟಿಯಲ್ಲಿ ನಾನು ಅವರಿಗೆ ನನ್ನ ಕಂಪ್ಯೂಟರಿನ ಚರಿತ್ರೆಯನ್ನು ಸಾದ್ಯಂತ ಹೇಳಿದ್ದೆ. ಪಾಪ, ಕಣ್ಣು ಮುಚ್ಚಿ ತನ್ಮಯರಾಗಿ ಕೇಳಿದ್ದರು!

ಹುಡುಗನ ತಂದೆ ಮೇಲ್ ಕಳಿಸಿದರು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ನನಗೆ ದಕ್ಕಿದ್ದು ಇಷ್ಟೇ: "ಭಾನುವಾರ ಊಟಕ್ಕ ಬರ್ತೇವಿ. ನಮ್ಮ ತಂದೆಯವರದು ಒಂದೇ ವಿನಂತಿ." ಮುಂದಿನದು ಮಾಯ. ಕೊನೆಗೆ, "ಅಷ್ಟು ನಡಸಿಕೊಟ್ರ ಲಗ್ನ ಆದ್ಹಂಗ."

ಎಷ್ಟು ಸಲ ತರಿಸಿದರೂ ಕಂಪ್ಯೂಟರು ಅದೇ ಜಾಗದಲ್ಲಿ ನುಂಗಿತು.

"ಏನು ನಡಸಿಕೊಡಬೇಕ್ರೀ? ಫೋನ್ ಹಚ್ಚಿ ಕೇಳ್ರಿ!" ಇಂದಿರಾ ಕಂಗಾಲಾದಳು.

"ಓದ್ಲಿಕ್ಕೆ ಬರಲಿಲ್ಲ ಅಂತ ಹ್ಯಾಂಗ ಹೇಳೂದು? ಕಂಪ್ಯೂಟರಿನ ಮಾನ ಹೋಗ್ತದ!"

"ಮಗಳ ಲಗ್ನ ಹೋದ್ರ?"

"ಅಪ್ಪಾ, ನಾ ಸೈಬರ್ ಕೆಫೆಕ್ಕ ಹೋಗಿ ಓದಿ ಬರ್ತೀನಿ," ಎಂದಳು ಮೃಣ್ಮಯಿ. ನಾನು ಆಣೆ ಹಾಕಿ ತಡೆದೆ. ಅವಳು ಸಿಟ್ಟಿನಿಂದ ಊಟ ಬಿಟ್ಟಳು.

ಅಜ್ಜನ ವಿನಂತಿ ಏನಿರಬಹುದೆಂದು ತಿಳಿಯದೆ ಇಂದಿರಾ ಎಲ್ಲವನ್ನೂ ಮಾಡಿದಳು. ಮಹಾಲಿಂಗಪುರದ ಬೆಲ್ಲದ ಹೋಳಿಗೆ, ಕರಿಗಡುಬು, ಕಟ್ಟಿನ ಸಾರು. ಭಾನುವಾರ ಪಡಸಾಲೆಯಲ್ಲಿ, ಕಂಪ್ಯೂಟರಿನ ಎದುರಿಗೇ ಪಂಕ್ತಿ ಹಾಕಿದೆವು. ಹೋಳಿಗೆ ಬಡಿಸುವ ಹೊಣೆ ನನ್ನದು. ಬೀಗರು ಸುಮ್ಮನೆ ಉಣ್ಣಬಾರದಲ್ಲ? ಬಡಿಸುತ್ತ ಸಾಲು ಮಾಯವಾಗುವ ಸಂಕಟವನ್ನು ವಿವರವಾಗಿ ಹೇಳತೊಡಗಿದೆ.

ಅಜ್ಜ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದರು. "ಸಾಕ್ರಿ! ಸಾಕು!"

ನಮ್ಮ ಕಡೆ ಉಣ್ಣುವವರು ಹೀಗೆ ಎಲೆ ಮುಚ್ಚುವ ತನಕ ಬಡಿಸುವವರು ನಿಲ್ಲಿಸುವುದಿಲ್ಲ. ಆ ಕೈಗಳನ್ನು ನೋಡಿದೆ. ತಲೆಯಲ್ಲಿ ದೀಪ ಹತ್ತಿತು!

"ಸಿಕ್ತು! ನನ್ನ ಕಂಪ್ಯೂಟರಿಗೆ ಕೈ ಇಲ್ಲ!" ಎಂದು ಕೂಗಿದೆ.

"ಇವರಿಗೆ ತಲಿ ಇಲ್ಲ," ಎಂದಳು ಇಂದಿರಾ ಬೀಗಿತ್ತಿಯ ಕಿವಿಯಲ್ಲಿ.

ಮಡಚಿಟ್ಟ ವಾಯರುಗಳಲ್ಲಿ ಎರಡು 'ತಡಿ', 'ಇನ್ನ ಹಾಕು' ಅನ್ನುವ ಕೈಗಳು! ಅವಿಲ್ಲದೆ ಮುದಿ ಕಂಪ್ಯೂಟರಿಗೆ ಸಾಕು ಎನ್ನಲು ಬಾರದು, ಪೆಟ್ಟಿಗೆ ಸುರಿಯುವುದನ್ನು ಬಿಡದು. ಎಲೆ ತುಂಬಿ ಹೆಚ್ಚಾದದ್ದೆಲ್ಲ ನೆಲದ ಪಾಲು. ಹೋಳಿಗೆ ತಾಟು ಕೆಳಗಿಟ್ಟು ಬೆಸುಗೆ ಕಡ್ಡಿ ಕಾಯಿಸಲು ಕುಳಿತೆ. ಹಿರಿಯರು ಏಳದೆ ಪಂಕ್ತಿ ಏಳುವಂತಿಲ್ಲ, ಮಜ್ಜಿಗೆ ಅನ್ನ ಬಾರದೆ ಹಿರಿಯರು ಏಳುವಂತಿಲ್ಲ. ಬೀಗರೆಲ್ಲ ಎಂಜಲುಗೈ ಒಣಗಿಸುತ್ತ ನನ್ನ ಬೆಸುಗೆಯ ಹೊಗೆ ಕುಡಿದರು. ನಾನು ಒಂದೊಂದು ವಾಯರಿನ ಮಹಿಮೆಯನ್ನೂ ಅವರಿಗೆ ಬಿಡಿಸಿ ಹೇಳಿದೆ.

ಮೇಲ್ ಬಂತು. ಒಂದಕ್ಷರ ತಪ್ಪಿಲ್ಲದೆ ಬಂತು! ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದೆ:

"ನಮ್ಮ ತಂದೆಯವರದು ಒಂದೇ ವಿನಂತಿ. ಪವಮಾನರಾಯರು ಕಂಪ್ಯೂಟರ್ ವಿಷಯ ತಗೀಬಾರದು. ಹೋದ ಸಲ ಕೇಳಿ ಅವರಿಗೆ ತಲಿಶೂಲಿ ಹತ್ತಿತ್ತು. ಅಷ್ಟು ನಡಸಿಕೊಟ್ರ ಲಗ್ನ..."

ಮೃಣ್ಮಯಿಯ ಕಣ್ಣಲ್ಲಿ ನೀರು. ನನಗೆ ಆ ಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೆಸುಗೆ ಕಡ್ಡಿ ಹಿಡಿದು ಹಾಗೇ ನಿಂತೆ.

ಅಜ್ಜ ನಿಧಾನವಾಗಿ ಎಲೆಯ ಮೇಲಿನ ಕೈ ತೆಗೆದರು.

"ಪವಮಾನರಾಯರ, ಕಂಪ್ಯೂಟರಿಗೆ ಕೈ ಬಂತು, ಛಲೋ ಆತು. ಆದ್ರ ನಾ ಆಗಿಂದ ಕೈ ಅಡ್ಡ ಹಿಡದದ್ದು ಹೋಳಿಗಿಗೆ ಅಂತ ತಿಳದ್ರೇನು? ಹೋಳಿಗಿ ಇನ್ನೂ ಎರಡು ಹಾಕಸ್ರಿ. ಲಗ್ನದ ಮಾತು ನಾ ಇಂದಿರಾಬಾಯಾರ ಜೋಡಿ ಆಡ್ತೀನಿ!"