ಗಂಡನ ಬಿಪಿಗೆ ಇಪ್ಪತ್ತು ಜಾಸ್ತಿ

ಮಾವ ನಲವತ್ತೆಂಟನೇ ವಯಸ್ಸಿನಲ್ಲಿ ಶೂ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ಅವರ ಮಗನನ್ನು ಕಟ್ಟಿಕೊಂಡ ದಿನದಿಂದ ಅವಳಿಗೆ ಒಂದೇ ಕೊರಗು: ಇವರೂ ಹಾಗೇ ಹೋದರೆ? ಮಗು ಹುಟ್ಟಿದ ಮೇಲಂತೂ ಗಂಡ ಚಪ್ಪಲಿಗೆ ಬಗ್ಗಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಫೋನಿನಲ್ಲಿ ಒಂದು ಆ್ಯಪ್ ಸಿಕ್ಕಿತು. ವಯಸ್ಸು, ಬಿಪಿ, ಕೊಲೆಸ್ಟರಾಲ್, ಸಿಗರೇಟು, ವಂಶದ ಕಥೆ ಎಲ್ಲ ತುಂಬಿಸಿದರೆ, ಮುಂದಿನ ಹತ್ತು ವರ್ಷದಲ್ಲಿ ಹೃದಯ ಕೈಕೊಡುವ ಸಂಭವ ನೂರಕ್ಕೆ ಎಷ್ಟೆಂದು ನುಡಿಯುವ ತ್ರಿಕಾಲಜ್ಞಾನಿ. ಬೆನ್ನಿಗೇ ಬಿಪಿ ಮೆಷಿನ್ನೂ ಬಂತು. ಗಂಡನ ತೋಳಿಗೆ ಪಟ್ಟಿ ಸುತ್ತಿದಳು. ನೂರಹದಿನೆಂಟು.

ಆ ಅಪ್ಪನ ಮಗನಿಗೆ ಇಷ್ಟು ಕಡಿಮೆಯೆ? ಭದ್ರತೆಗಿರಲಿ ಎಂದು ಇಪ್ಪತ್ತು ಸೇರಿಸಿ ತುಂಬಿಸಿದಳು. (ಬೆಳೆಯುವ ಮಕ್ಕಳ ಬಟ್ಟೆಗೆ ದರ್ಜಿ ಒಂದಿಷ್ಟು ಹೆಚ್ಚಿಗೆ ಬಿಡುವುದಿಲ್ಲವೆ, ಹಾಗೆ.) ಆ್ಯಪ್ ಹಸಿರಾಗಿಯೇ ಇತ್ತು. ಇನ್ನೊಂದಿಪ್ಪತ್ತು. ಹಳದಿ. ಸೇದದ ಸಿಗರೇಟನ್ನೂ ಸೇದಿಸಿದಳು. ಕೆಂಪಾಯಿತು. ಆಗ ಅವಳಿಗೆ ಸಮಾಧಾನ. ಅಂದಿನಿಂದಲೇ ಅಡುಗೆಮನೆಯಲ್ಲಿ ಉಪ್ಪಿಗೆ ನಿಷೇಧಾಜ್ಞೆ.

ಸಪ್ಪೆ ಊಟ ಸಾಕಾಗಿ ಒಂದು ಭಾನುವಾರ ಗಂಡ ಆ ಆ್ಯಪ್ ತೆರೆದ. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ಕಸುಬು.

"ನಾನು ಯಾವಾಗಿಂದ ಸೇದ್ತಾ ಇದೀನಿ?"

"ನಿಮ್ಮ ಪಕ್ಕದ ಮೇಜಿನವರು ಸೇದ್ತಾರಲ್ಲ."

ಬಿಪಿಯ ಮಾತು ಬಂದಾಗ ಮೆಷಿನ್ನೇ ಸರಿಯಿಲ್ಲ ಎಂದು ವಾದಿಸಿದಳು. ಸಾಬೀತು ಮಾಡಲು ತನ್ನ ತೋಳಿಗೇ ಪಟ್ಟಿ ಸುತ್ತಿಕೊಂಡಳು. ನೂರರವತ್ತೆಂಟು.

"ನೋಡಿದ್ರಾ? ಕೆಟ್ಟಿದೆ ಅಂತ ಹೇಳ್ಲಿಲ್ವಾ?" ಎಂದು ಗೆದ್ದವಳಂತೆ ನಕ್ಕಳು.

ಗಂಡ ನಗಲಿಲ್ಲ. ತಾನು ಸುತ್ತಿಕೊಂಡ: ನೂರಹದಿನಾರು. ಪಕ್ಕದಲ್ಲಿ ಮಗುವನ್ನು ಆಡಿಸುತ್ತ ಕೂತಿದ್ದ ತನ್ನ ಅಮ್ಮನಿಗೆ ಸುತ್ತಿದ: ನೂರಮೂವತ್ತು. ಮತ್ತೆ ಅವಳಿಗೆ: ನೂರೆಪ್ಪತ್ತು.

ಅತ್ತೆ ಮಗುವನ್ನು ತೊಡೆಯಿಂದ ಇಳಿಸದೆ ಮೆಲ್ಲಗೆ ಕೇಳಿದರು: "ಬಸುರಿಯಾಗಿದ್ದಾಗ ಬಿಪಿ ಏರಿತ್ತಲ್ಲಮ್ಮ. ಹೆರಿಗೆ ಆದ್ಮೇಲೂ ನೋಡಿಸ್ತಾ ಇರು ಅಂದಿದ್ರು ಡಾಕ್ಟ್ರು. ನೋಡಿಸಿದ್ಯಾ?"

ಮಗುವಿನ ಒಂದು ಲಸಿಕೆಯನ್ನೂ ಅವಳು ತಪ್ಪಿಸಿರಲಿಲ್ಲ. ಇದೊಂದು ಮಾತ್ರ ನೆನಪಿನಿಂದ ಜಾರಿಹೋಗಿತ್ತು. ಗಂಡ ಅವಳ ವಯಸ್ಸು, ಅವಳ ಅಂಕಿ ತುಂಬಿಸಿದ. ಈ ಸಲ ಕೆಂಪು ಬರಲು ಏನನ್ನೂ ಸೇರಿಸಬೇಕಾಗಲಿಲ್ಲ.

"ಒಂದಿಪ್ಪತ್ತು ಕಡಿಮೆ ಹಾಕಿ ನೋಡಿ," ಎಂದಳು.

ಅವನು ಫೋನನ್ನು ಅವಳ ಕೈಗಿಟ್ಟ. ಅವಳು ಆಸ್ಪತ್ರೆಯ ನಂಬರು ಒತ್ತಿದಳು.

"ರೋಗಿ ನಿಮಗೆ ಏನಾಗಬೇಕು?" ಎಂದಿತು ಆಚೆಯ ದನಿ.

'ಯಜಮಾನರು' ಎಂಬ ಉತ್ತರ ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ನುಂಗಿಕೊಂಡಳು.

"ನಾನೇ," ಎಂದಳು. "ಸ್ವಲ್ಪ ಬೇಗ ಟೈಮ್ ಕೊಡಿ. ಮಗು ಇನ್ನೂ ಚಿಕ್ಕದು."