ರಬ್ಬರ್ ಬಟ್ಟಲು, ಅತ್ತೆಯ ಷರತ್ತು

ಹೆದರುವವರ ಮೇಲೆ ಹಾವು ಎಸೆದರು ಅನ್ನುವ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವವಳು ನಾನು. ಅಂಥವಳ ಅಡುಗೆಮನೆಯಲ್ಲೇ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ.

ನಮ್ಮ ಶಿಕಾರಿಪುರದಲ್ಲಿ ಮೊಟ್ಟೆ ಹಾಕದ ಕೇಕೇ ಬೇಕು ಅನ್ನುವ ಮನೆಗಳು ಬಹಳ. ಅದನ್ನು ನಂಬಿ ಒಂದು ಕರೆಂಟ್ ಓವನ್ ಕೊಂಡು, ಕೇಳಿದವರಿಗೆ ಕೇಕ್ ಮಾಡಿಕೊಡಲು ಶುರು ಮಾಡಿದೆ. ಆಮೇಲೆ ಆನ್‌ಲೈನಿನಲ್ಲಿ ಕೇಕ್ ಬೇಯಿಸಲು ಕೆಂಪು ಬಣ್ಣದ, ರಬ್ಬರಿನಂತೆ ಮೆತ್ತಗಿನ ಸಿಲಿಕೋನ್ ಅಚ್ಚೊಂದನ್ನು ತರಿಸಿದೆ. ಅತ್ತೆ ಅದನ್ನು ಮಡಚಿ, ಹಿಂಡಿ, ಮೂಸಿ ನೋಡಿದರು.

"ಇದು ರಬ್ಬರ್ ಬಟ್ಟಲು. ಒಂದು ಸಲ ಕರಗಿತು ಅಂದ್ರೆ ನಿನ್ನ ಓವನ್ ಮನೆಯಿಂದ ಹೊರಗೆ, ನೋಡು."

"ಬಿಸಿಗೆ ಇದಕ್ಕೆ ಏನೂ ಆಗಲ್ಲ ಅತ್ತೆ," ಅಂದೆ. ಧೈರ್ಯದಿಂದ ಅಂದದ್ದಲ್ಲ, ಡಬ್ಬದ ಮೇಲೆ ಹಾಗೆ ಬರೆದಿತ್ತು. ಅತ್ತೆ ಆಡಿದ ಮಾತಿಗೆ ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಓವನ್ ಬಿಟ್ಟರೆ ಈ ಮನೆಯಲ್ಲಿ ನನ್ನದೇ ಅಂತ ಹೇಳಿಕೊಳ್ಳುವಂಥದ್ದು ಬೇರೆ ಏನೂ ಇರಲಿಲ್ಲ. ಹಾಗಾಗಿ ಅಂದಿನಿಂದ ನನ್ನ ಎದೆ ಸರಿಯಾಗಿ ಬಡಿದುಕೊಂಡದ್ದೇ ಇಲ್ಲ.

ಮೂರನೇ ತುಂಡು

ಮೊದಲ ದಿನ ಅಚ್ಚಿಗೆ ಹಿಟ್ಟು ಸುರಿದು ಎರಡೂ ಕೈಯಲ್ಲಿ ಎತ್ತಿದೆ. ಅದು ನಡುವೆ ಬಾಗಿ ಅರ್ಧ ಹಿಟ್ಟು ನನ್ನ ಕಾಲ ಮೇಲೆ ಬಿತ್ತು. ಕೆಳಗೊಂದು ತಟ್ಟೆ ಇಟ್ಟು ಎತ್ತಬೇಕು ಅಂತ ಆಗ ಗೊತ್ತಾಯಿತು. ಉಳಿದರ್ಧವನ್ನು ಓವನ್ನಿಗೆ ಇಟ್ಟೆ. ಅತ್ತೆ ಒಂದು ಬಕೆಟ್ ನೀರು ತಂದುಕೊಂಡು ಓವನ್ ಎದುರಿಗೇ ಕೂತರು.

"ವಾಸನೆ ಬರ್ತೈತಿ."

"ಅದು ಏಲಕ್ಕಿದು ಅತ್ತೆ."

"ಇರಲಿ. ನೀರೂ ಇಲ್ಲೇ ಇರಲಿ."

ಅಚ್ಚು ಕರಗೀತು ಅನ್ನುವ ಹೆದರಿಕೆಗಿಂತ ಅತ್ತೆ ಕರೆಂಟಿನ ಮೇಲೆ ನೀರು ಎರಚಿಯಾರು ಅನ್ನುವ ಹೆದರಿಕೆಯೇ ನನಗೆ ದೊಡ್ಡದಾಯಿತು. ಅಂತೂ ಕೇಕ್ ಬೆಂದಿತು. ಅತ್ತೆ ಅಚ್ಚನ್ನು ಬೆಳಕಿಗೆ ಹಿಡಿದು, ಎಲ್ಲಾದರೂ ತೆಳ್ಳಗಾಗಿದೆಯಾ ಅಂತ ತಡವಿ ನೋಡಿದರು. ಕೇಕನ್ನು ಯಾರೂ ಮುಟ್ಟಲಿಲ್ಲ. ಆಗ ಮಾವ ಬಂದು ಒಂದು ತುಂಡು ತಿಂದರು, ಇನ್ನೊಂದನ್ನೂ ತಿಂದರು.

"ಸಾಕ್ರೀ, ರಬ್ಬರ್ ಹೊಟ್ಟೆಗೆ ಹೋಗ್ತೈತಿ," ಅಂದರು ಅತ್ತೆ.

ಮಾವ ಮತ್ತೆ ಕೈ ಚಾಚಿದರು. "ಎರಡಕ್ಕೆ ಸತ್ರೂ ಅಷ್ಟೇ, ಮೂರಕ್ಕೆ ಸತ್ರೂ ಅಷ್ಟೇ. ಕೊಡು."

ಘಮಘಮ

ಅಚ್ಚು ಕರಗಲಿಲ್ಲವಾದ್ದರಿಂದ ಅತ್ತೆಗೆ ಅದರ ಮೇಲೆ ಸ್ವಲ್ಪ ಪ್ರೀತಿ ಬಂತು. ನನಗೆ ಹೇಳದೆ ಅದರಲ್ಲಿ ಬೆಳ್ಳುಳ್ಳಿ ಚಟ್ನಿಪುಡಿ ತುಂಬಿಟ್ಟರು. ಅಂಚು ಮಡಚಿದರೆ ಪುಡಿ ಚೆಲ್ಲದೆ ಡಬ್ಬಿಗೆ ಇಳಿಯುತ್ತದಂತೆ. ನಾನು ಅಚ್ಚನ್ನು ಮೂರು ಸಲ ಸೋಪು ಹಾಕಿ ತಿಕ್ಕಿದೆ. ಆದರೆ ಈ ಸಿಲಿಕೋನು ವಾಸನೆಯನ್ನು ಒಮ್ಮೆ ಹಿಡಿದರೆ ಬಿಡುವ ಪೈಕಿ ಅಲ್ಲ.

ಅದರಲ್ಲೇ ಒಬ್ಬ ಮೇಷ್ಟರ ಮನೆಗೆ ಕೇಕ್ ಮಾಡಿ ಕಳಿಸಿದೆ. ಕಳಿಸಿದ ಮೇಲೆ ಓವನ್ ಒಳಗೆ ತಲೆ ಹಾಕಿದರೆ ಬೆಳ್ಳುಳ್ಳಿ ಘಾಟು. ಇವತ್ತಿಗೆ ನನ್ನ ಕೇಕಿನ ಕತೆ ಮುಗಿಯಿತು ಅಂದುಕೊಂಡೆ. ಸಂಜೆ ಮೇಷ್ಟರ ಫೋನು ಬಂತು. ಎತ್ತಲೋ ಬೇಡವೋ ಅಂತ ಯೋಚಿಸಿ, ಕಣ್ಣು ಮುಚ್ಚಿಕೊಂಡು ಎತ್ತಿದೆ.

"ಕೇಕ್ ಚಲೋ ಇತ್ತು ಕಣಮ್ಮ. ಆದ್ರೆ ಒಂದು ಮಾತು. ಮುಂದಿನ ಸಲ ಉಪ್ಪು ಒಂಚೂರು ಮುಂದಿರಲಿ."

ಸೊರಬದ ಬಸ್ಸು

ನನ್ನ ಅಕ್ಕನನ್ನು ಕೊಟ್ಟಿರುವುದು ಸೊರಬಕ್ಕೆ. ಅವಳ ಮಗಳ ಹುಟ್ಟುಹಬ್ಬಕ್ಕೆ ಕೇಕ್ ಒಯ್ಯಬೇಕಿತ್ತು. ಮೆತ್ತಗಿನ ಅಚ್ಚಿನಲ್ಲೇ ಇದ್ದರೆ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಭದ್ರ ಅಂತ ಕೇಕನ್ನು ಅಚ್ಚಿನಿಂದ ಬಿಡಿಸದೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಒಂದೊಂದು ಗುಂಡಿಗೂ ಬಸ್ಸು ಕುಣಿಯಿತು. ಬಸ್ಸು ಕುಣಿದಾಗೆಲ್ಲ ನಾನು ಹೆದರಿ ಅಚ್ಚನ್ನು ಅವುಚಿಕೊಂಡೆ. ಅದು ಮೆತ್ತಗಿನದು ತಾನೇ, ನಾನು ಅವುಚಿದಷ್ಟೂ ಒಳಗಿನ ಕೇಕನ್ನು ಹಿಂಡುತ್ತಾ ಹೋಯಿತು.

ಸೊರಬದಲ್ಲಿ ಎಲ್ಲರೂ ಸುತ್ತ ನಿಂತಾಗ ಅಚ್ಚನ್ನು ತಟ್ಟೆಗೆ ಮಗುಚಿದೆ. ಬಿದ್ದದ್ದು ರವೆಯಂಥ ಒಂದು ಗುಡ್ಡೆ. ಮೇಣದಬತ್ತಿ ಅದರಲ್ಲಿ ನಿಲ್ಲಲೂ ಇಲ್ಲ. ನನಗೆ ಅಳುವೇ ಬಂತು. ಅಕ್ಕನ ಮಾವ ಮಾತ್ರ ಚಮಚ ತರಿಸಿಕೊಂಡು ಕೂತರು.

"ಹಲ್ಲಿಲ್ದೋರ ನೆನಪಿಟ್ಕಂಡು ಮಾಡ್ಯಾಳೆ ನೋಡಿ," ಅಂದರು.

ತೀರ್ಪು

ಇದು ಮೊನ್ನೆಯದು. ಒಂದು ಆರ್ಡರಿಗೆ ಹಿಟ್ಟು ಕಲಸಿ ಅಚ್ಚಿಗೆ ಸುರಿದಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಬೀದಿಯಲ್ಲಾದರೂ ಇದೆಯಾ, ಅಲ್ಲಿ ಯಾರ ಮನೆಯಲ್ಲಾದರೂ ಓವನ್ ಸಿಕ್ಕೀತಾ ಅಂತ ನೋಡಿಬರಲು ಹೋದೆ. ವಾಪಸ್ ಬರುವಾಗ ನಮ್ಮ ಮನೆ ಕಿಟಕಿಯಿಂದ ಹೊಗೆ ಬರುತ್ತಿತ್ತು. ಓಡಿ ಒಳಗೆ ಹೋದರೆ ಒಲೆಯ ಮೇಲೆ ಕಪ್ಪಗೆ ಸುಟ್ಟುಹೋದ ಅಚ್ಚು, ಅದರ ತಳದಿಂದ ಸೋರಿದ ಹಿಟ್ಟು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಅದೇ ಬಕೆಟ್ಟು.

ನಾನು ಅವರಿಗೆ ಹೆದರಿದ್ದನ್ನು ಊರೇ ನೋಡಿದೆ. ಅವರು ನನಗೆ ಹೆದರಿದ್ದನ್ನು ಅವತ್ತೇ ನೋಡಿದ್ದು.

"ಹಿಟ್ಟು ಕೆಟ್ಟುಹೋಗ್ತೈತಲ್ಲ ಅಂತ ಗ್ಯಾಸ್ ಮ್ಯಾಲೆ ಇಟ್ಟೆ ಕಣವ್ವ," ಅಂದರು ಸಣ್ಣ ದನಿಯಲ್ಲಿ. "ಬಿಸಿಗೆ ಏನೂ ಆಗಲ್ಲ ಅಂತ ನೀನೇ ಹೇಳಿದ್ದೆ."

ನನಗೆ ಅಚ್ಚಿನ ಚಿಂತೆ ಇರಲಿಲ್ಲ. ಅತ್ತೆಯ ಷರತ್ತು ನೆನಪಾಗಿತ್ತು. ಅಷ್ಟು ಹೊತ್ತಿಗೆ ಮಾವ ಮೂಗು ಮುಚ್ಚಿಕೊಂಡು ಒಳಗೆ ಬಂದರು. ಒಲೆ ನೋಡಿದರು, ಅತ್ತೆಯನ್ನು ನೋಡಿದರು.

"ರಬ್ಬರ್ ಕರಗಿದ್ರೆ ಓವನ್ ಹೊರಗೆ ಅಂತ ನೀನೇ ಅಂದಿದ್ದೆ ಅಲ್ಲೇನೆ? ಎತ್ತಿ ಹೊರಗಿಡ್ಲಾ?"

ನಾನು ಓವನ್ನಿಗೆ ಅಡ್ಡ ನಿಂತೆ. ಅತ್ತೆ ಬಕೆಟ್ ಕೆಳಗಿಟ್ಟು, ಬಂದು ನನ್ನ ಪಕ್ಕದಲ್ಲೇ ನಿಂತರು.

"ಓವನ್ ಏನ್ ತಪ್ಪು ಮಾಡೇತಿ? ಅದು ಇಷ್ಟು ದಿನದಾಗೆ ಒಮ್ಮೆನಾದ್ರೂ ಕರಗಿಸೇತಾ? ಕರಗಿಸಿದ್ದು ಈ ಗ್ಯಾಸ್ ಒಲೆ. ಹೊರಗೆ ಹಾಕೋದಾದ್ರೆ ಇದನ್ನ ಹಾಕ್ರಿ."

ಆಗಲೇ ಊಟದ ಹೊತ್ತಾಗಿತ್ತು. ಕುಕ್ಕರ್ ಇನ್ನೂ ಇಟ್ಟಿರಲಿಲ್ಲ. ಮಾವ ಒಲೆಯನ್ನೊಮ್ಮೆ ನೋಡಿ, ಅದನ್ನು ಒರೆಸಲು ಬಟ್ಟೆ ಹುಡುಕಿದರು.