ತೆಂಗಿನ ಮರ ಹತ್ತಿದ ಬಾವುಟ

ನನಗೊಂದು ಕೆಟ್ಟ ಚಟವಿದೆ. ಬೀಡಿ, ಎಲೆಯಡಿಕೆ, ಇಸ್ಪೀಟು ಯಾವುದೂ ಅಲ್ಲ. ಅಂಥದ್ದಾಗಿದ್ದರೆ ಡಾಕ್ಟರಿಗೆ ತೋರಿಸಬಹುದಿತ್ತು, ಇಲ್ಲವೇ ದೇವರಿಗೆ ಹರಕೆ ಹೊತ್ತು ಬಿಡಬಹುದಿತ್ತು. ನನ್ನದು ಬಾಯಿಯ ಚಟ. ಬಸ್ಸು ಹತ್ತು ನಿಮಿಷ ತಡವಾದರೆ, ನಲ್ಲಿಯಲ್ಲಿ ನೀರು ಬಾರದಿದ್ದರೆ, ಹೋಟೆಲಿನ ಕಾಫಿ ಆರಿ ಬಂದರೆ ನನ್ನ ಬಾಯಿಂದ ತಾನಾಗಿ ಒಂದು ಮಾತು ಹೊರಬೀಳುತ್ತದೆ: "ಈ ದೇಶ ಉದ್ಧಾರ ಆಗಲ್ಲ." ಹೇಳುವಾಗ ಸಿಟ್ಟೇನೂ ಇರುವುದಿಲ್ಲ, ದುಃಖವೂ ಇರುವುದಿಲ್ಲ. ಆಕಳಿಸುವವನಿಗೆ ನಿದ್ದೆಯ ಮೇಲೆ ಎಷ್ಟು ದ್ವೇಷವಿರುತ್ತದೋ ನನಗೆ ದೇಶದ ಮೇಲೆ ಅಷ್ಟೇ. ಹೇಳಿದ ಮೇಲೆ ಮಾತ್ರ ನನ್ನ ಪಾಲಿನ ದೇಶಸೇವೆ ಮುಗಿಸಿದಂತೆ ಮನಸ್ಸು ಹಗುರವಾಗುತ್ತದೆ. ನನ್ನ ಹೆಂಡತಿ ಸರೋಜ ಒಮ್ಮೆ ಊಟದ ನಡುವೆ ಸೌಟು ಹಿಡಿದುಕೊಂಡೇ ಕೇಳಿದಳು: "ಸಾರಿಗೆ ಉಪ್ಪು ಕಮ್ಮಿಯಾದ್ರೆ ನನ್ನ ಬಯ್ರಿ. ಪಾಪ, ದೇಶ ಏನ್ರೀ ಮಾಡ್ತು?"

ಈ ಚಟ ನನಗೊಬ್ಬನಿಗೇ ಇದೆಯೆಂದು ತಿಳಿಯಬೇಡಿ. ಶೆಟ್ಟಿಕೆರೆ ರಸ್ತೆಯ ನಮ್ಮೂರಿನ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಬೆಳಿಗ್ಗೆ ಎಂಟಕ್ಕೆ ಕೂತವರೆಲ್ಲ ನನ್ನ ಪೈಕಿಯವರೇ. ಆದರೆ ಇದೇ ಜನಕ್ಕೆ ದೇಶದ ಮೇಲೆ ಪ್ರೀತಿ ಇಲ್ಲವೇ ಎಂದು ಹುಡುಕಿದರೆ ಅದು ಇನ್ನೆಲ್ಲೋ ಸಿಗುತ್ತದೆ. ನಮಗೆ ದೇಶವೆಂದರೆ ಕೊಬ್ಬರಿ ಹೋಗುವ ಜಾಗ. ಬಲಿತ ತೆಂಗಿನಕಾಯಿಗಳನ್ನು ಅಟ್ಟಕ್ಕೆ ಹಾಕಿ, ಸುಮಾರು ಒಂದು ವರ್ಷ ಅವುಗಳ ತಂಟೆಗೆ ಹೋಗದೆ, ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವವರೆಗೆ ಕಾಯುವ ಜನ ನಾವು. ರೈಲ್ವೆ ಗೇಟು ಹಾಕಿದರೆ ಎರಡು ನಿಮಿಷ ಕಾಯಲಾರದೆ ಕೆಳಗೆ ಬೈಕು ನುಗ್ಗಿಸುವವರೂ ನಾವೇ, ಆ ಮಾತು ಬೇರೆ. ಆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಿ, ಲಾರಿ ಹತ್ತಿ ಉತ್ತರದ ಊರುಗಳಿಗೆ ಹೊರಡುತ್ತದೆ. ದೆಹಲಿ, ಕಾನ್ಪುರಗಳು ಎಲ್ಲಿವೆಯೆಂದು ನಮ್ಮವರಿಗೆ ನಕಾಶೆಯಲ್ಲಿ ತೋರಿಸಲು ಬರುವುದಿಲ್ಲ. ಲಾರಿಗೆ ಎಷ್ಟು ದಿನದ ದಾರಿಯೆಂದು ಮಾತ್ರ ಗೊತ್ತು.

ನಮ್ಮ ಅವ್ವನನ್ನು ಒಮ್ಮೆ ಕಾಶಿಗೆ ಕರೆದುಕೊಂಡು ಹೋಗಿದ್ದೆ. ಗಂಗೆಯಲ್ಲಿ ಮುಳುಗೆದ್ದು ಬರುವಾಗ ಗಲ್ಲಿಯ ಅಂಗಡಿಯೊಂದರಲ್ಲಿ ಕೊಬ್ಬರಿ ಕಂಡು ಅವ್ವ ನಿಂತುಬಿಟ್ಟಳು. ಒಂದನ್ನು ಕೈಗೆತ್ತಿಕೊಂಡು, ತಿರುಗಿಸಿ, ಮೂಸಿ, "ಇದು ನಮ್ಮ ಕಡೇದೇ ಕಣಪ್ಪ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ವಿಶ್ವನಾಥನ ಎದುರು ನಿಂತಾಗಲೂ ಬಾರದ ನೀರು ಅದು. ಅಂಗಡಿಯವನಿಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಇಬ್ಬರೂ ಆ ಕೊಬ್ಬರಿಯನ್ನು ನಡುವೆ ಇಟ್ಟುಕೊಂಡು ಐದು ನಿಮಿಷ ಒಬ್ಬರಿಗೊಬ್ಬರು ತಲೆಯಾಡಿಸಿದರು. ಪಕ್ಕದಲ್ಲಿ ಗಲ್ಲಿಯ ಕೊಳಚೆ ನೋಡುತ್ತ ನಿಂತಿದ್ದ ನಾನು ಏನೆಂದೆ ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಇಂಥ ನನಗೂ ಬಾವುಟಕ್ಕೂ ಹಳೆಯ ನಂಟು. ನಾನು ಇಲ್ಲೇ ಮೂರು ಮೈಲಿ ಆಚೆಯ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತ. ಶಾಲೆಯಲ್ಲಿ ಸಂಬಳ ತೆಗೆದುಕೊಳ್ಳುವವರೆಲ್ಲ ಊರಿನವರಿಗೆ ಮೇಷ್ಟ್ರೇ ಆದ್ದರಿಂದ ನಾನೂ ಮೇಷ್ಟ್ರೇ. ಪ್ರತಿ ಸ್ವಾತಂತ್ರ್ಯ ದಿನದಂದು ಬಾವುಟಕ್ಕೆ ಇಸ್ತ್ರಿ ಹಾಕಿ, ಒಳಗೆ ಹೂವಿನ ಎಸಳು ತುಂಬಿ, ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವಂತೆ ಗಂಟು ಹಾಕುವುದು ನನ್ನ ಕೆಲಸ. ಒಂದು ವರ್ಷ ನನಗೆ ಜ್ವರ ಬಂದು ಡ್ರಿಲ್ ಮೇಷ್ಟ್ರು ಗಂಟು ಹಾಕಿದ್ದರು. ಹೆಡ್‌ಮಾಸ್ಟರು ಹಗ್ಗ ಎಳೆದೇ ಎಳೆದರು, ಗಂಟು ಬಿಗಿಯುತ್ತಲೇ ಹೋಯಿತು. ಸೆಲ್ಯೂಟಿಗೆ ಎತ್ತಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಇಡೀ ಶಾಲೆ ಬಿಸಿಲಿನಲ್ಲಿ ಕಾಲು ಗಂಟೆ ನಿಂತಿತ್ತಂತೆ. ಅಂದಿನಿಂದ ಬಾವುಟದ ವಿಷಯದಲ್ಲಿ ಸುತ್ತಮುತ್ತ ನನ್ನ ಮಾತೇ ಕೊನೆ. ಯಾರ ಮನೆಯ ಬಾವುಟ ಓರೆಯಾಗಿದ್ದರೂ ನಿಂತು ಬುದ್ಧಿ ಹೇಳಿಯೇ ಮುಂದೆ ಹೋಗುತ್ತೇನೆ.

ಹೋದ ವರ್ಷ ಪಂಚಾಯ್ತಿಯಿಂದ ಮನೆಮನೆಗೂ ಒಂದೊಂದು ಬಾವುಟ ಬಂತು. ಪಕ್ಕದ ಮನೆಯ ಬಸವರಾಜಣ್ಣ ತನ್ನದನ್ನು ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಕಟ್ಟಿದ. ನಮ್ಮದು ಹೆಂಚಿನ ಮನೆ. ಎಲ್ಲಿ ಕಟ್ಟಿದರೂ ಅವನ ಟ್ಯಾಂಕಿಗಿಂತ ಕೆಳಗೆ. ಬಾವುಟದ ಗಂಟಿನಲ್ಲಿ ಹೆಸರು ಮಾಡಿದವನ ಬಾವುಟ ನೀರಿನ ಟ್ಯಾಂಕಿಗಿಂತ ಕೆಳಗೆ ಹಾರುವುದೇ? ಹೀಗೆ ಯೋಚಿಸುತ್ತಿದ್ದಾಗ, ಗುರುವಾರ ಬೆಳಿಗ್ಗೆ, ನಮ್ಮ ಕಾಯಿ ಕೀಳುವ ಜುಂಜಣ್ಣ ಸೈಕಲ್ ಒರಗಿಸಿ ಬಂದು ನಿಂತ. ಮಾರನೆಯ ದಿನವೇ ಸ್ವಾತಂತ್ರ್ಯ ದಿನ. ಮನೆ ಮುಂದೆ ನಮ್ಮ ತಾತ ನೆಟ್ಟ ತೆಂಗಿನ ಮರವಿದೆ, ಊರಿಗೇ ಎತ್ತರದ್ದು. ನಮ್ಮ ಮಿಕ್ಕ ಮರಗಳಿಗೆಲ್ಲ ಕೆಳಗಿನಿಂದಲೇ ಕೊಕ್ಕೆ ಕಟ್ಟಿದ ಗಳ ಸಾಕು; ಅದೊಂದಕ್ಕೆ ಮಾತ್ರ ಹತ್ತಲೇಬೇಕು. ಮರವನ್ನೂ ಜುಂಜಣ್ಣನನ್ನೂ ಒಟ್ಟಿಗೆ ನೋಡಿದ್ದೇ ನನ್ನ ತಲೆಯೊಳಗೆ ದೇಶಭಕ್ತಿ ಎದ್ದು ನಿಂತಿತು.

ಜುಂಜಣ್ಣ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು, ಬಾವುಟವನ್ನು ತಲೆಯ ಟವೆಲ್ಲಿನೊಳಗೆ ಇಟ್ಟುಕೊಂಡು ಹತ್ತಿದ. ಮೊದಲು ಕಾಯಿ ಇಳಿಸಿ, ಆಮೇಲೆ ಮರದ ಸುಳಿಗೆ ತಾಗದ ಹಾಗೆ ಬಿದಿರಿನ ಕೋಲು ನಿಲ್ಲಿಸಿ ಬಾವುಟ ಕಟ್ಟತೊಡಗಿದ. ಬಸವರಾಜಣ್ಣ ತನ್ನ ಟ್ಯಾಂಕು ಸೋತದ್ದನ್ನು ಕಂಡು ಕೆಳಗೆ ಬಂದು ನಿಂತು, "ಜುಂಜಣ್ಣ ಸೋಮವಾರ ಬತ್ತೀನಿ ಅಂದಿದ್ನಲ್ವ?" ಎಂದ. "ಇವರು ಸೋಮವಾರ ಅಂದರೆ ಗುರುವಾರ ಕಣ್ರೀ," ಎಂದೆ ನಾನು. "ಇಂಥವರನ್ನ ಇಟ್ಟುಕೊಂಡು ಈ ದೇಶ ಉದ್ಧಾರ ಆಗಲ್ಲ ಬಿಡಿ." ಆಮೇಲೆ ಕತ್ತೆತ್ತಿ, ಬಾವುಟ ಬಿಚ್ಚಿಕೊಂಡದ್ದನ್ನು ನೋಡಿ ಕೈ ಮುಗಿದೆ. ಕೆಳಗಿಳಿದ ಜುಂಜಣ್ಣ ಕಾಫಿ ಬೇಡವೆಂದ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ.

ಒಂದು ವಾರ ನನ್ನದೇ ಕಾರುಬಾರು. ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹಾಕಿ, "ಯಾರ ಮನೇದಪ್ಪ ಅದು?" ಎಂದು ಕೇಳುತ್ತಿದ್ದರಂತೆ. ಆದರೆ ಬಾವುಟವನ್ನು ಏರಿಸಿದವನು ಇಳಿಸಲೂ ಬೇಕು ಎಂಬ ಸಂಗತಿ ನನಗೆ ಹೊಳೆದದ್ದು ಬಸವರಾಜಣ್ಣ ತನ್ನದನ್ನು ಬಿಚ್ಚಿ, ನೀಟಾಗಿ ಮಡಿಸಿ, ನನಗೆ ಕಾಣುವ ಹಾಗೆ ಒಳಗೆ ತೆಗೆದುಕೊಂಡು ಹೋದಾಗ. ಅವತ್ತೇ ಗಾಳಿ ಶುರುವಾಯಿತು. ಜಡಿ ಮಳೆ ಬೇರೆ. ಮೇಲಿನ ಗರಿಗಳು ಬಾವುಟದ ಅಂಚನ್ನು ಉಜ್ಜುತ್ತಿದ್ದವು. "ಹರಿದ ಬಾವುಟ ಹಾರಿಸಿದ್ರೆ ಕೇಸು ಹಾಕ್ತಾರಂತೆ ಕಣ್ರೀ ಮೇಷ್ಟ್ರೇ," ಎಂದು ಬಸವರಾಜಣ್ಣ ಬೇಲಿಯ ಆಚೆಯಿಂದ ಸಂತಾಪ ಸೂಚಿಸಿದ. ಊರಿಗೆಲ್ಲ ಬಾವುಟದ ಬುದ್ಧಿ ಹೇಳಿದವನ ಮನೆಯಲ್ಲೇ ಹರಿದ ಬಾವುಟ!

ಜುಂಜಣ್ಣನಿಗೆ ಫೋನ್ ಮಾಡಿದೆ. "ಬತ್ತೀನಿ ಬುಡಿ" ಎಂದ, ಬರಲಿಲ್ಲ. ಎರಡನೆಯ ಸಲ, "ಕುರಿಮರಿಗೆ ಹುಷಾರಿಲ್ಲ, ಆಮೇಲೆ ನೋಡಾನ" ಎಂದ. ಬೇರೆಯವರನ್ನು ಕರೆಯೋಣವೆಂದರೆ ನಮ್ಮ ಕಡೆ ಮರ ಹತ್ತುವವರಲ್ಲಿ ಒಂದು ಕಟ್ಟುನಿಟ್ಟಿದೆ. "ಅದು ಜುಂಜಣ್ಣ ಹತ್ತೋ ಮರ, ನಾವು ಕೈ ಹಾಕಲ್ಲ" ಎಂದುಬಿಟ್ಟರು. ಕೊನೆಗೆ ನಾನೇ ಎರಡು ಗಳಗಳನ್ನು ಒಂದಕ್ಕೊಂದು ಕಟ್ಟಿ, ತುದಿಗೆ ಕೊಕ್ಕೆ ಸಿಕ್ಕಿಸಿ ಎತ್ತಿದೆ. ಗಳ ಮೇಲೆ ಹೋದಂತೆಲ್ಲ ನಾನು ಅಂಗಳದ ತುಂಬ ಓಲಾಡತೊಡಗಿದೆ. ಎಳೆದ ರಭಸಕ್ಕೆ ಒಂದು ಒಣಗರಿ ಕಿತ್ತುಕೊಂಡು ಬಂದು ನಮ್ಮ ಹೆಂಚಿನ ಮೇಲೆ ಮಲಗಿತು. ಐದಾರು ಹೆಂಚು ಹೋದವು. ಬಾವುಟ ಅಲ್ಲಾಡಲಿಲ್ಲ. ಸರೋಜ ಹೊರಬಂದು, "ಒಳಕ್ಕೆ ಬನ್ನಿ, ದೇಶಕ್ಕೆ ಇಷ್ಟು ಸಾಕು" ಎಂದಳು.

ಇಷ್ಟರ ನಡುವೆ ನನಗೇ ಗೊತ್ತಿಲ್ಲದ ಒಂದು ಅಭ್ಯಾಸ ಶುರುವಾಗಿತ್ತು. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲೇ ಅಂಗಳಕ್ಕೆ ಹೋಗಿ ಕತ್ತೆತ್ತಿ ನೋಡುತ್ತಿದ್ದೆ. ಹರಿದಿಲ್ಲವೆಂದು ಕಂಡರೆ ಸಮಾಧಾನ. ಶಾಲೆಯಲ್ಲಿ ಕೂತಿದ್ದಾಗ ಗಾಳಿ ಬೀಸಿದರೆ ಕೈಯಲ್ಲಿದ್ದ ಪೆನ್ನು ನಿಲ್ಲುತ್ತಿತ್ತು. ಅವ್ವ ಮಾತ್ರ ಜಗಲಿಯಲ್ಲಿ ಕೂತು, "ಮಳೇಲಿ ನೆನೀತಾ ಅದೆ ಕಣಪ್ಪ, ಪಾಪ" ಎನ್ನುತ್ತಿದ್ದಳು, ಹೊರಗೆ ಕಟ್ಟಿದ ಕರುವಿನ ವಿಷಯ ಹೇಳುವ ಹಾಗೆ. ನನಗೂ ಪಾಪ ಅನ್ನಿಸುತ್ತಿತ್ತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು, ಅಷ್ಟೇ.

ಹನ್ನೊಂದನೆಯ ದಿನ, ಭಾನುವಾರ, ಜುಂಜಣ್ಣನ ಹಟ್ಟಿಗೇ ಹೋದೆ. ಅವನು ಕುರಿರೊಪ್ಪದ ಬೇಲಿಗೆ ಮುಳ್ಳು ಸಿಕ್ಕಿಸುತ್ತಿದ್ದ. ಮರಿಗೆ ನಿಜವಾಗಿಯೂ ಹುಷಾರಿರಲಿಲ್ಲ; ಗೋಣಿಚೀಲದ ಮೇಲೆ ಮಲಗಿತ್ತು. ಚಾಪೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟ. ನಾನು ಬಾವುಟ, ಗೌರವ, ಕಾನೂನು ಎಂದು ಶುರುಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಹೇಳಿದ:

"ಮೇಷ್ಟ್ರೇ, ಮರದ ಮ್ಯಾಲಿದ್ದೋನಿಗೆ ಕೆಳಗಿನ ಮಾತೆಲ್ಲ ಚೆನ್ನಾಗಿ ಕೇಳಿಸ್ತದೆ. ಕೆಳಗಿರೋರಿಗೆ ಅದು ಗೊತ್ತಿರಲ್ಲ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಸೋಮವಾರ ಬರಲಿಲ್ಲ ನಿಜ. ಎಲ್ಲಿದ್ದೆ ಗೊತ್ತಾ? ನಿಮ್ಮ ಇಸ್ಕೂಲ್ನಾಗೇ ಇದ್ದೆ. ಮಕ್ಳು ಸಾಲಾಗಿ ನಿಲ್ಲೋ ಜಾಗ, ಕಾಯೋ ಗರಿಯೋ ತಲೆ ಮ್ಯಾಲೆ ಬಿದ್ದಾತು ಅಂತ ಎಡ್ಮೇಷ್ಟ್ರು ಹೇಳಿ ಕಳಿಸಿದ್ರು. ಅಷ್ಟೂ ಮರ ಚೊಕ್ಕ ಮಾಡಾಕೆ ಮೂರು ದಿನ ಹಿಡೀತು. ನೀವು ಕಿಟಕಿ ಪಕ್ಕ ಕೂತು ಟೀ ಕುಡೀತಿದ್ರಿ. ನಾನು ಮ್ಯಾಲಿಂದ ನೋಡ್ದೆ. ನೀವು ನೋಡಲಿಲ್ಲ."

ನೋಡಿರಲಿಲ್ಲ. ಆದರೆ ಕೇಳಿಸಿಕೊಂಡಿದ್ದೆ. ಆ ಮೂರು ದಿನ ಹೊರಗೆ ಧಡ್ ಧಡ್ ಎಂದು ಕಾಯಿ ಬೀಳುವ ಸದ್ದು ಬರುತ್ತಿತ್ತು. ಲೆಕ್ಕದ ಮೇಷ್ಟ್ರ ಕಡೆ ತಿರುಗಿ, "ಒಂದು ಟೀ ನೆಮ್ಮದಿಯಾಗಿ ಕುಡಿಯೋ ಹಾಗಿಲ್ಲ, ಈ ದೇಶ ಉದ್ಧಾರ ಆಗಲ್ಲ" ಎಂದದ್ದು ಈಗ ನೆನಪಾಯಿತು. ಅದನ್ನೂ ಇವನು ಕೇಳಿಸಿಕೊಂಡಿರಬಹುದೇ? ಕೇಳುವ ಧೈರ್ಯವಾಗಲಿಲ್ಲ.

"ತಪ್ಪಾಯ್ತು ಕಣಯ್ಯ ಜುಂಜಣ್ಣ," ಎಂದೆ.

"ನನ್ನ ಬೈದಿದ್ದಕ್ಕಲ್ಲ ಬುಡಿ. ಯಾರು ಬೈಯಲ್ಲ?" ಎಂದು ಅವನು ಮುಳ್ಳು ಕೆಳಗಿಟ್ಟ. "ಆವಾಗ ಬಾವುಟ ನನ್ನ ಕೈನಾಗೇ ಇತ್ತು ಕಣ್ರೀ. ಅದನ್ನ ಹಿಡ್ಕಂಡು ಆ ಮಾತು ಕೇಳಾಕೆ ಒಂಥರಾ ಆಯ್ತು. ನಾಳೆ ಬತ್ತೀನಿ, ಹೋಗಿ."

ನಾಳೆ ಎಂದರೆ ಬುಧವಾರ ಎಂದು ಮನಸ್ಸಿನಲ್ಲೇ ಎಣಿಸಿಕೊಂಡು ಬಂದೆ. ಚಟ ಅಷ್ಟು ಬೇಗ ಬಿಡುತ್ತದೆಯೇ? ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಂಗಳಕ್ಕೆ ಬಂದು ಕತ್ತೆತ್ತಿದರೆ ಜುಂಜಣ್ಣ ಆಗಲೇ ಮರದ ತುದಿಯಲ್ಲಿದ್ದ. ಬಾವುಟವನ್ನು ಬಿಚ್ಚಿ, ಅಲ್ಲೇ ಗರಿಗಳ ನಡುವೆ ಕೂತು ಮಡಿಸಿ, ಟವೆಲ್ಲಿನಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡ. ನಮ್ಮೂರನ್ನೆಲ್ಲ ಅಷ್ಟೆತ್ತರದಿಂದ ನೋಡುವವನು ಏನಾದರೂ ಒಳ್ಳೆಯ ಮಾತು ಹೇಳಬಹುದೆಂದು, "ಮೇಲಿಂದ ಏನು ಕಾಣ್ತದಯ್ಯ?" ಎಂದು ಕೂಗಿದೆ. "ನಿಮ್ಮ ಹೆಂಚು ಒಡೆದಿರೋದು ಕಾಣ್ತದೆ" ಎಂಬ ಉತ್ತರ ಬಂತು. ಕೆಳಗಿಳಿದು ಟವೆಲ್ಲು ಬಿಚ್ಚಿದ. ನಾನು ಕೈ ಚಾಚಿದೆ. "ಎರಡೂ ಕೈ ಹಿಡೀರಿ ಮೇಷ್ಟ್ರೇ" ಎಂದ. ಬಾವುಟದ ವಿಷಯದಲ್ಲಿ ನನಗೆ ಬುದ್ಧಿ ಹೇಳಿದ ಮೊದಲನೆಯ ಮನುಷ್ಯ. ಎರಡೂ ಕೈ ಹಿಡಿದೆ. ಅಂಚಿನಲ್ಲಿ ಎರಡು ಎಳೆ ಬಿಚ್ಚಿತ್ತು, ಹರಿದಿರಲಿಲ್ಲ. ಅವತ್ತು ಅವನು ಕಾಫಿ ಕುಡಿದ, ಎರಡನೆಯ ಲೋಟವನ್ನೂ ಕೇಳಿ ಹಾಕಿಸಿಕೊಂಡ.

ಅವನು ಹೋದ ಮೇಲೆ ಶಾಲೆಗೆಂದು ಬಸ್ ಸ್ಟಾಪಿಗೆ ಬಂದೆ. ಎಂಟಾಯಿತು, ಎಂಟೂವರೆಯಾಯಿತು, ಬಸ್ಸಿನ ಸುಳಿವಿಲ್ಲ. ಕಟ್ಟೆಯ ಮೇಲೆ ಕೂತವರೆಲ್ಲ ವಾಡಿಕೆಯಂತೆ ನನ್ನ ಮುಖ ನೋಡಿದರು. "ಈ ದೇಶ..." ಎಂದು ಶುರುಮಾಡಿದವನು ಯಾಕೋ ಕತ್ತೆತ್ತಿ ನೋಡಿದೆ. ಕಟ್ಟೆಯ ಹಿಂದೆ ತೆಂಗಿನ ಮರ, ರಸ್ತೆಯ ಆಚೆಗೆ ತೆಂಗಿನ ಮರ, ಕಣ್ಣು ಹಾಯುವವರೆಗೂ ತೆಂಗಿನ ಮರ. ನಮ್ಮ ಸೀಮೆಯಲ್ಲಿ ದೇಶವನ್ನು ನೆಮ್ಮದಿಯಾಗಿ ಬಯ್ಯೋಣವೆಂದರೆ ಮರವಿಲ್ಲದ ಒಂದು ಜಾಗವಿಲ್ಲ. ಯಾವ ಗರಿಯ ಸಂದಿಯಲ್ಲಿ ಯಾರು ಕೂತು ಏನು ಕೆಲಸ ಮಾಡುತ್ತಿದ್ದಾರೋ ಯಾರಿಗೆ ಗೊತ್ತು?

"ಈ ದೇಶ ಏನು ಮೇಷ್ಟ್ರೇ?" ಎಂದು ಬಸವರಾಜಣ್ಣ ಕೆದಕಿದ.

"ಏನಿಲ್ಲ, ಬಸ್ಸು ಬರುತ್ತೆ ಬಿಡಿ" ಎಂದೆ.

ಬರಲಿಲ್ಲ. ಮೂರು ಮೈಲಿ ನಡೆದೇ ಹೋದೆ, ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು.